ಎರಡನೇ ಸಲ ಕೇಳದವರು

ತಾರಾ, ಮಿಲನ್,

ಹೋದ ಭಾನುವಾರ ನಾವು ಮೂವರೂ ಬಟಾಣಿ ಬಿಡಿಸುತ್ತ ಕೂತಿದ್ದಾಗ ತಾರಾ ನನ್ನನ್ನು ಒಂದು ಮಾತು ಕೇಳಿದಳು. ಅವಳು ಕೇಳಿದ್ದು ಇಂಗ್ಲಿಷಿನಲ್ಲಿ. "ಅಜ್ಜಿ, ಓಮಾ ಸಾಯುವಾಗ ನಾವೆಲ್ಲ ಹತ್ತಿರ ಇದ್ವಿ. ನೀನು ಮಾತ್ರ ಯಾಕೆ ಬರಲಿಲ್ಲ? ನಿನಗೆ ಓಮಾ ಇಷ್ಟ ಇರಲಿಲ್ವಾ?" ನಾನು "ಇಷ್ಟ ಇತ್ತು ಕಂದ" ಅಂದು ಎದ್ದು ಒಲೆಯ ಕಡೆ ಹೋದೆ. ಅಷ್ಟೇ ನನ್ನ ಕೈಲಾದದ್ದು.

ಎದುರಿಗೆ ಕೂತು ಮಾತಾಡುವುದು ನನಗೆ ಯಾವತ್ತೂ ಬಂದಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ನಿಮಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ನಿಮ್ಮಮ್ಮ ಓದಿ ಹೇಳಲಿ. ಇದು ನನ್ನ ಕಾಯಿಲೆಯ ಕತೆ. ಆದರೆ ನನ್ನ ಕಾಯಿಲೆಯ ಬಗ್ಗೆ ಏನು ಬರೆಯಲು ಹೋದರೂ ನಿಮ್ಮ ಓಮಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತುಬಿಡುತ್ತಾರೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಿಮ್ಮಮ್ಮ ಸುಧಾ ನನ್ನನ್ನು ನೆಲ್ಸನ್ನಿಗೆ ಕರೆಸಿಕೊಂಡಳು. ಆಗಲೇ ಅವಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ, ನಿಮ್ಮಪ್ಪ ಯಾನ್ ಅವರನ್ನು ಮದುವೆಯಾಗಿ ಎಷ್ಟೋ ವರ್ಷವಾಗಿತ್ತು. ನಾನು ನ್ಯೂಜಿಲೆಂಡಿಗೆ ಹೊರಟೆ ಅಂದುಕೊಂಡು ವಿಮಾನ ಹತ್ತಿದ್ದೆ. ಬಂದು ಸೇರಿದ್ದು ಡಚ್ಚರ ನಡುವೆ. ನಿಮ್ಮಪ್ಪನ ತಾಯಿ, ನೀವು ಡಚ್ಚಿನಲ್ಲಿ ಓಮಾ ಅಂತ ಕರೆಯುವ ಅಜ್ಜಿ, ಅಂದರೆ ನನ್ನ ಬೀಗಿತ್ತಿ ಟ್ರೂಸ್, ಸಣ್ಣ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಈ ದೇಶಕ್ಕೆ ಬಂದವರು. ಬದುಕೆಲ್ಲ ಇಲ್ಲಿನ ಸೇಬಿನ ತೋಟಗಳಲ್ಲಿ ದುಡಿದವರು. ಆದರೂ ಅವರ ಮನೆಯ ಹೊಸ್ತಿಲು ದಾಟಿದರೆ ಬೇರೆಯದೇ ದೇಶ.

ಆ ಮನೆಗೆ ದೊಡ್ಡ ದೊಡ್ಡ ಕಿಟಕಿ. ಸಂಜೆ ದೀಪ ಹಾಕಿದ ಮೇಲೂ ಪರದೆ ಎಳೆಯುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರಿಗೆ ಇವರ ತಟ್ಟೆಯಲ್ಲಿ ಏನಿದೆ ಅನ್ನುವುದೂ ಕಾಣುತ್ತಿತ್ತು. ಕಕ್ಕಸಿನ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿ, ಅದರಲ್ಲಿ ಮನೆಯವರ, ನೆಂಟರ, ಸ್ನೇಹಿತರ ಹುಟ್ಟಿದ ದಿನಗಳನ್ನೆಲ್ಲ ಬರೆದಿದ್ದರು. ನನ್ನ ಹೆಸರೂ ಅಲ್ಲಿತ್ತು. ನಾನು ಸುಧಾಳಿಗೆ, "ಇದೇನೇ ಇದು, ನನ್ನ ಹೆಸರನ್ನ ತಗೊಂಡೋಗಿ ಅಲ್ಲಿ ಬರೆದವ್ರೆ" ಅಂದೆ. ಅವಳು ನಕ್ಕು, "ದಿನಾ ಎಲ್ಲರ ಕಣ್ಣಿಗೆ ಬೀಳೋ ಜಾಗ ಅಲ್ವೇನಮ್ಮ, ಅದಕ್ಕೆ. ಮರೀಬಾರದು ಅನ್ನೋರ ಹೆಸರು ಮಾತ್ರ ಅಲ್ಲಿರುತ್ತೆ" ಅಂದಳು.

ನಿಮ್ಮಪ್ಪನ ಹುಟ್ಟುಹಬ್ಬದ ದಿನ ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತರು. ಬಂದವರು ಅವರಿಗಷ್ಟೇ ಅಲ್ಲ, ಒಬ್ಬೊಬ್ಬರಿಗೂ ಕೈ ಕೊಟ್ಟು ಅಭಿನಂದನೆ ಹೇಳಿದರು. ನನ್ನ ಕೈಯನ್ನೂ ಕುಲುಕಿ, "ನಿಮ್ಮ ಅಳಿಯನ ಹುಟ್ಟುಹಬ್ಬಕ್ಕೆ ನಿಮಗೆ ಅಭಿನಂದನೆ" ಅಂದರು. ನಾನು ಎಲ್ಲಿ ನೋಡಬೇಕೋ ತಿಳಿಯದೆ ನೆಲ ನೋಡಿದೆ. ನಮ್ಮೂರಲ್ಲಿ ಗಂಡ ಹೋದ ಮೇಲೆ ಶುಭದ ದಿನ ಆರತಿ ತಟ್ಟೆ ಹೊರಗೆ ಬರುವ ಹೊತ್ತಿಗೆ ನಾನು ಅಡುಗೆಮನೆಗೆ ಸೇರಿಕೊಳ್ಳುತ್ತಿದ್ದೆ. ಯಾರೂ ಹೋಗು ಅಂದದ್ದಲ್ಲ. ನಾವೇ ಹಿಂದೆ ಸರಿಯಬೇಕು, ಬೇಕಾದವರು ಕೈ ಹಿಡಿದು ಎಳೆದುಕೊಂಡು ಬರಬೇಕು. ಅದು ನಮ್ಮ ರೀತಿ.

ಟ್ರೂಸಕ್ಕನಿಗೆ ಈ ರೀತಿ ಗೊತ್ತಿರಲಿಲ್ಲ. ನನಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಬರಲಿಲ್ಲ, ಅದಕ್ಕೆ ಟ್ರೂಸಕ್ಕ ಅನ್ನುತ್ತಿದ್ದೆ. ಮೊದಲ ಸಲ ಅವರ ಮನೆಗೆ ಬೆಳಗಿನ ಕಾಫಿಗೆ ಹೋದಾಗ ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ನಾನು "ಬೇಡ ಬೇಡ" ಅಂದೆ. ಮುಚ್ಚಳ ಟಪ್ಪನೆ ಮುಚ್ಚಿತು. ಡಬ್ಬಿ ಕಪಾಟಿಗೆ ಹೋಯಿತು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಮ್ಮ ಕಡೆ ಮೊದಲನೇ ಬೇಡಕ್ಕೆ ಅರ್ಥವೇ ಇಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ಸಲ ತಟ್ಟೆಗೆ ಬಲವಂತವಾಗಿ ಬಿದ್ದದ್ದನ್ನು ತಿನ್ನುತ್ತೇವೆ, ಮನೆಯವರಿಗೂ ಸಮಾಧಾನ, ನಮಗೂ ಸಮಾಧಾನ. ಮನೆಗೆ ಬಂದು ಸುಧಾಳ ಹತ್ತಿರ, "ನಿಮ್ಮತ್ತೆ ಕೈ ಭಾರೀ ಬಿಗಿ" ಅಂದೆ.

"ಅಮ್ಮಾ, ನೀನು ಬೇಡ ಅಂದ್ಯಾ?"

"ಅಂದೆ. ಬಾಯಿಮಾತಿಗೆ."

"ಅವರಿಗೆ ಬಾಯಿಮಾತು ಅಂತ ಬೇರೆ ಇಲ್ಲ. ಬೇಡ ಅಂದೋರಿಗೆ ಇನ್ನೊಂದು ಸಲ ಕೇಳಿದ್ರೆ ನಿನ್ನ ಮಾತನ್ನ ನಾನು ನಂಬಲಿಲ್ಲ ಅಂತ ಅವಮಾನ ಮಾಡ್ದಂಗೆ."

ಇನ್ನೊಂದು ದಿನ ಟ್ರೂಸಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಸೀರೆಯ ಬಣ್ಣ ನಿನಗೆ ಒಪ್ಪೋದಿಲ್ಲ ಗಿರಿಜಾ, ಕಾಯಿಲೆಯವಳ ಹಾಗೆ ಕಾಣ್ತೀಯ" ಅಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕಾಯಿಲೆ ಆಗಲೇ ನನ್ನೊಳಗೆ ಇತ್ತು. ಎಡಗಡೆಯ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ. ಮಗಳು ನರ್ಸಾದರೂ ಮಗಳಲ್ಲವೇ, ಎದೆ ತೆರೆದು ಹೇಗೆ ತೋರಿಸುವುದು. ಟ್ರೂಸಕ್ಕನ ಹಿತ್ತಲಲ್ಲಿ ಹಗ್ಗಕ್ಕೆ ಬಟ್ಟೆ ಹರವುತ್ತಿದ್ದಾಗ ಕೈ ಮೇಲೆತ್ತಲಾಗದೆ ನಾನು ಮುಖ ಕಿವುಚಿದೆ. ಅವರು ಬಟ್ಟೆಯ ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕಿ, ಪಕ್ಕದ ಮನೆಯವರಿಗೂ ಕೇಳುವ ಹಾಗೆ, "ನಿನ್ನ ಮೊಲೆಗೆ ಏನಾಗಿದೆ?" ಅಂದರು. ನಮ್ಮ ತಾಯಿಯೂ ಆ ಶಬ್ದವನ್ನು ನನ್ನ ಮುಂದೆ ಆಡಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಧ್ಯಾಹ್ನವೇ ಕಾರಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದರು.

ಆಮೇಲೆ ಬರೀ ಕಾಯುವುದು. ಕಾಯುವ ಕೋಣೆಗಳಲ್ಲಿ ಹಳೇ ಪತ್ರಿಕೆಗಳು, ಮೀನಿನ ತೊಟ್ಟಿ, ಗೋಡೆಗೆ ಕಡಲಿನ ಚಿತ್ರ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಚೂರು ತೆಗೆದರು. ಫಲಿತಾಂಶ ಬಂದ ದಿನ ಡಾಕ್ಟರು ಬಹಳ ಹೊತ್ತು ಮೆತ್ತಗೆ ಮಾತಾಡಿದರು. ನನ್ನ ಇಂಗ್ಲಿಷು ಅಷ್ಟು ದೂರ ಹೋಗುತ್ತಿರಲಿಲ್ಲ. ಸುಧಾ ನನ್ನ ಕಡೆ ತಿರುಗಿ, "ಒಂದು ಸಣ್ಣ ಆಪರೇಷನ್ ಮಾಡ್ತಾರಂತೆ ಅಮ್ಮಾ, ಭಯಪಡೋ ಅಂಥದ್ದೇನಿಲ್ಲ" ಅಂದಳು. ದಿನಾ ಬೇರೆಯವರ ಮನೆಯವರಿಗೆ ಇಂಥ ಸುದ್ದಿ ಹೇಳುವವಳು ಅವಳು. ನನಗೆ ಹೇಳುವಾಗ ಕೈಚೀಲದ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

ಹೊರಗೆ ಟ್ರೂಸಕ್ಕ ಕಾಯುತ್ತಿದ್ದರು. ಸುಧಾ ಅವರಿಗೆ ಎಲ್ಲ ಹೇಳಿದಳು. ಅವರು ನನ್ನ ಮುಂದೆ ಬಂದು ನಿಂತು, ನನಗೆ ತಿಳಿಯಲಿ ಅಂತ ಸಣ್ಣ ಸಣ್ಣ ಮಾತಿನಲ್ಲಿ ಹೇಳಿದರು. "ಗಿರಿಜಾ, ಕ್ಯಾನ್ಸರ್. ಕಂಕುಳಿಗೂ ಬಂದಿದೆ. ವಾಸಿ ಮಾಡಬಹುದು ಅಂತಾರೆ, ಖಂಡಿತ ಅಂತ ಹೇಳಲ್ಲ."

"ಅತ್ತೆ, ನನ್ನಮ್ಮನಿಗೆ ಹೇಳೋಕೆ ನೀವ್ಯಾರು?" ಸುಧಾ ಕಾರಿಡಾರಿನಲ್ಲೇ ದನಿ ಏರಿಸಿದಳು.

"ಕಾಯಿಲೆ ಯಾರದು? ಅವಳದು. ಅವಳದನ್ನ ಅವಳಿಗೆ ಕೊಟ್ಟೆ."

ನಾನು ಅವರನ್ನು ಮಾತಾಡಿಸದೆ ಕೆಲವು ದಿನ ಇದ್ದೆ. ನಮ್ಮ ಕಡೆ ಆ ಕಾಯಿಲೆಯ ಹೆಸರನ್ನು ಹೇಳುವುದಿಲ್ಲ, ದೊಡ್ಡ ಕಾಯಿಲೆ ಅನ್ನುತ್ತೇವೆ. ರೋಗಿಗಂತೂ ಅದನ್ನೂ ಹೇಳುವುದಿಲ್ಲ. ಆದರೆ ಒಂದು ಬೆಳಿಗ್ಗೆ ನೋಡಿದೆ, ನಿಮ್ಮಮ್ಮ ನನ್ನ ಮುಖ ತಪ್ಪಿಸಿ ಓಡಾಡುತ್ತಿದ್ದಳು, ನಿಮ್ಮಪ್ಪ ಕಾರಣವಿಲ್ಲದೆ ನಗುತ್ತಿದ್ದರು. ಆ ಮನೆಯಲ್ಲಿ ನಾನು ಒಬ್ಬಳೇ ಆಗಿಬಿಟ್ಟಿದ್ದೆ. ಎದ್ದು ಸ್ವೆಟರ್ ಹಾಕಿಕೊಂಡು ನಡೆದು ಟ್ರೂಸಕ್ಕನ ಮನೆಗೆ ಹೋದೆ. ಬಾಗಿಲು ತೆಗೆದರು. "ಕೋಪ ಹೋಯ್ತಾ?" ಅಂದರು.

"ಸ್ವಲ್ಪ ಇದೆ."

"ಇರಲಿ. ಇಟ್ಟುಕೊಂಡೇ ಒಳಗೆ ಬಾ."

ಆಪರೇಷನ್ ಆಯಿತು. ಆಮೇಲೆ ಕೀಮೋ. ಸುಧಾಳಿಗೆ ಡ್ಯೂಟಿ ಇದ್ದ ದಿನಗಳಲ್ಲೆಲ್ಲ ಟ್ರೂಸಕ್ಕನೇ ಕರೆದುಕೊಂಡು ಹೋಗುತ್ತಿದ್ದರು. ಸೂಜಿ ಚುಚ್ಚಿಸಿಕೊಂಡು ಒರಗುಕುರ್ಚಿಯಲ್ಲಿ ಕೂತರೆ ಅವರು ಪಕ್ಕದಲ್ಲಿ ಕಾಲುಚೀಲ ಹೆಣೆಯುತ್ತ ಕೂರುತ್ತಿದ್ದರು. ಸುಮ್ಮನೆ ಧೈರ್ಯ ಹೇಳುತ್ತಿರಲಿಲ್ಲ. "ಕಂಬಳಿ ಬೇಕಾ?" ಅನ್ನುವರು. ನಾನು ಬೇಡ ಅಂದರೆ ಕೊಡುತ್ತಿರಲಿಲ್ಲ. ಚಳಿಯಲ್ಲಿ ನಡುಗುತ್ತ ಕೂರಬೇಕು. ಒಂದು ದಿನ ನನಗೆ ಸಿಟ್ಟು ಬಂದು, "ನಡುಗ್ತಿರೋದು ಕಾಣಲ್ವಾ?" ಅಂದೆ.

"ಕಾಣುತ್ತೆ. ಆದರೆ ನೀನು ಬೇಡ ಅಂದೆ. ದೊಡ್ಡ ಹೆಂಗಸು ನೀನು, ಮಗು ಅಲ್ಲ."

"ಇನ್ನೊಂದು ಸಲ ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಇನ್ನೊಂದು ಸಲ ಕೇಳಿದ್ರೆ ನೀನು ನಿಜ ಹೇಳೋದು ಯಾವಾಗ ಕಲೀತೀಯ?"

ಹೀಗೆ ಕಲಿಸಿದರು. ಕಂಬಳಿ ಬೇಕು, ಕಿಟಕಿ ಮುಚ್ಚಿ, ನೋವು ಇದೆ, ಹೆದರಿಕೆ ಆಗ್ತಿದೆ. ಒಂದೊಂದೇ. ಐವತ್ತು ವರ್ಷದ ಸಂಸಾರದಲ್ಲಿ ಬಾಯಿಗೆ ಬಾರದ ಮಾತುಗಳು ಆ ಕುರ್ಚಿಯಲ್ಲಿ ಬಂದವು. ಚಿಕ್ಕ ಚಿಕ್ಕದಕ್ಕೆ ಮಾತ್ರ ಬಂದವು ಅಂತ ಹೇಳಬೇಕು.

ಕೂದಲು ಹಿಡಿ ಹಿಡಿಯಾಗಿ ಬರಲು ಶುರುವಾದಾಗ ನಾನು ಕನ್ನಡಿ ನೋಡುವುದನ್ನೇ ಬಿಟ್ಟೆ. ನಾನು ಹುಡುಗಿಯಾಗಿದ್ದಾಗ ನಮ್ಮೂರಿನ ಮೇಲಿನ ಕೇರಿಯಲ್ಲಿ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದ ಮುದುಕಿಯೊಬ್ಬರಿದ್ದರು. ಅವರು ಎದುರು ಬಂದರೆ ನಾವು ಮಕ್ಕಳು ದಾರಿ ಬಿಟ್ಟು ಓಡುತ್ತಿದ್ದೆವು. ಈಗ ನನ್ನನ್ನು ಕಂಡು ನೀವಿಬ್ಬರೂ ಓಡುತ್ತೀರೇನೋ ಅನ್ನಿಸಿತು. ಟ್ರೂಸಕ್ಕ ಅಡುಗೆಮನೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಟವೆಲ್ ಹೊದಿಸಿ, ಮೆಷಿನ್ನಿನಿಂದ ಪೂರ್ತಿ ತೆಗೆದರು. ನಾನು ಅಳುತ್ತಲೇ ಇದ್ದೆ. ಮುಗಿಸಿ ಸುತ್ತ ಒಂದು ಸುತ್ತು ಬಂದು ನೋಡಿ, "ನಿನ್ನ ತಲೆಯ ಆಕಾರ ಚೆನ್ನಾಗಿದೆ" ಅಂದರು. ಬೇರೆ ಯಾರು ಆ ಮಾತು ಹೇಳಿದ್ದರೂ ಸಮಾಧಾನಕ್ಕೆ ಹೇಳಿದರು ಅಂದುಕೊಳ್ಳುತ್ತಿದ್ದೆ. ಸೀರೆ ಒಪ್ಪುವುದಿಲ್ಲ ಅಂದವರು ಅವರೇ. ಆದ್ದರಿಂದ ತಲೆ ಚೆನ್ನಾಗಿದೆ ಅಂದಾಗ ನಂಬಿದೆ. ಕನ್ನಡಿ ಕೇಳಿ ತರಿಸಿಕೊಂಡು ನೋಡಿದೆ. ಈ ಕಾಯಿಲೆಯಲ್ಲಿ ನನಗೆ ಸಿಕ್ಕ ಮದ್ದುಗಳಲ್ಲಿ ಅದನ್ನೂ ಎಣಿಸುತ್ತೇನೆ.

ನನ್ನ ಕೀಮೋ ಮುಗಿಯುವ ಹೊತ್ತಿಗೆ ಅವರು ಸೊರಗಿದ್ದರು. ಬೆನ್ನು ನೋವು ಅನ್ನುತ್ತಿದ್ದರು. ಒಂದು ಭಾನುವಾರ ಎಲ್ಲರನ್ನೂ ಕಾಫಿಗೆ ಕರೆದು, ಎಲ್ಲರ ಲೋಟಕ್ಕೂ ಬಗ್ಗಿಸಿದ ಮೇಲೆ, ಮೇದೋಜೀರಕದಲ್ಲಿ ಕ್ಯಾನ್ಸರ್ ಇದೆ, ಲಿವರಿಗೂ ಹೋಗಿದೆ, ಚಿಕಿತ್ಸೆ ತೆಗೆದುಕೊಳ್ಳುವುದಿಲ್ಲ ಅಂದರು. ನಿಮ್ಮಪ್ಪ ಮೇಜಿನ ಮೇಲೆ ತಲೆ ಇಟ್ಟರು. ಮಿಲನ್, ನೀನು ಅವರ ತೊಡೆ ಏರಿ ಕೂತೆ. ನನಗೆ ಮಾತ್ರ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅವರು ಹೆಣೆದ ಕಾಲುಚೀಲಗಳೇ ಕಣ್ಣ ಮುಂದೆ ಬಂದವು. ಆಗಲೂ ಅವರಿಗೆ ನೋವಿತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಿಜವನ್ನು ಮುಖದ ಮೇಲೆ ಹೇಳುವವರೂ ಕೆಲವನ್ನು ಹೇಳುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ನಾನು ರೇಡಿಯೇಷನ್ನಿಗೆ ಕ್ರೈಸ್ಟ್‌ಚರ್ಚಿಗೆ ಹೋಗಬೇಕಿತ್ತು. ಅಲ್ಲಿ ಬೇರೆ ಊರುಗಳಿಂದ ಬಂದ ರೋಗಿಗಳು ಉಳಿದುಕೊಳ್ಳುವ ಮನೆಯೊಂದರಲ್ಲಿ ಇದ್ದೆ. ಸುಧಾ ರಜೆ ಸಿಕ್ಕಾಗ ಬರುತ್ತಿದ್ದಳು. ನನ್ನ ಕೋಣೆಯ ಎದುರಿನ ಕೋಣೆಯಲ್ಲಿದ್ದ ಕುರಿ ಸಾಕುವ ಮುದುಕರೊಬ್ಬರು ದಿನಾ ನನ್ನ ಬಾಗಿಲ ಮುಂದೆ ಒಂದು ಕಿತ್ತಳೆ ಇಟ್ಟು ಹೋಗುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಅಂಥ ಉಪಕಾರಗಳೂ ಆದವು.

ಅಲ್ಲಿರುವಾಗ ಟ್ರೂಸಕ್ಕ ಫೋನ್ ಮಾಡಿದರು. ದನಿ ಬಹಳ ಸಣ್ಣಗಾಗಿತ್ತು. ಇಲ್ಲಿನ ಕಾನೂನಿನಲ್ಲಿ, ಬದುಕುಳಿಯುವ ಭರವಸೆಯೇ ಇಲ್ಲದಂಥ ಕಾಯಿಲೆಯವರು ಕೇಳಿಕೊಂಡರೆ, ಡಾಕ್ಟರುಗಳು ವಿಚಾರಿಸಿ ಒಪ್ಪಿದ ಮೇಲೆ, ಅವರ ಸಾವಿಗೆ ನೆರವಾಗುತ್ತಾರೆ. ಅವರು ಅದನ್ನು ಕೇಳಿಕೊಂಡಿದ್ದರು. ಒಪ್ಪಿಗೆ ಸಿಕ್ಕಿತ್ತು.

"ಗುರುವಾರ" ಅಂದರು. "ಬೆಳಗಿನ ಕಾಫಿ ಆದ ಮೇಲೆ. ಮನೆಯಲ್ಲೇ."

ಬೀಳ್ಕೊಡುಗೆಗೆ ದಿನ ಗೊತ್ತು ಮಾಡಿದ ಹಾಗೆ ಹೇಳುತ್ತಿದ್ದರು. ನಾನು, "ದೇವರು ಕರೆಯೋ ತನಕ ಕಾಯಬಾರದಾ ಟ್ರೂಸಕ್ಕ?" ಅಂದೆ.

"ಕರೀತಾ ಇದಾನೆ ಗಿರಿಜಾ. ಬಹಳ ನೋವು ಕೊಟ್ಟು ಕರೀತಾ ಇದಾನೆ." ಆಮೇಲೆ ಉಸಿರು ತೆಗೆದುಕೊಂಡು, "ನೀನು ಮಂಗಳವಾರ ವಾಪಸ್ ಬರ್ತೀಯ. ಗುರುವಾರ ನನ್ನ ಹತ್ತಿರ ಇರ್ತೀಯಾ?" ಅಂದರು.

ನನ್ನ ಎದೆಯೆಲ್ಲ ಇರ್ತೀನಿ ಅಂದಿತು. ಬಾಯಿ, "ಬೇಡ ಟ್ರೂಸಕ್ಕ. ನಿಮ್ಮ ಮಗ, ಸೊಸೆ, ಮೊಮ್ಮಕ್ಕಳು ಇರೋ ಹೊತ್ತು. ನಡುವೆ ನಾನ್ಯಾಕೆ" ಅಂದಿತು.

ನಾನು ಹಿಂದೆ ಸರಿದದ್ದು, ಅವರು ಎಳೆದುಕೊಳ್ಳಲಿ ಅಂತ. ನನಗೆ ಬೇರೆ ರೀತಿ ಗೊತ್ತಿರಲಿಲ್ಲ. ಕಂಬಳಿಗೆ, ಕಿಟಕಿಗೆ ಕಲಿತಿದ್ದ ಮಾತು ಅಷ್ಟು ದೊಡ್ಡದಕ್ಕೆ ಎಟುಕಲಿಲ್ಲ.

"ಸರಿ" ಅಂದರು. "ಬುಧವಾರ ಬಾ ಹಾಗಾದರೆ."

ಬುಧವಾರ ಹೋದೆ. ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಬಂದರಿನ ಕಡೆಯಿಂದ ಬಿಸಿಲು ಬರುತ್ತಿತ್ತು. ಅವರು ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ನಾನು ಅವರ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ತಣ್ಣಗಿದ್ದವು. ತಿಕ್ಕುತ್ತ ತಿಕ್ಕುತ್ತ ಕಾದೆ. ನಾಳೆ ಬರ್ತೀಯಾ ಅಂತ ಇನ್ನೊಂದು ಸಲ ಕೇಳುತ್ತಾರೆ, ಕೇಳಿದ ಕೂಡಲೇ ಹೂಂ ಅನ್ನುತ್ತೇನೆ ಅಂತ ಕಾದೆ. ನಾನೇ ಹೇಳಬಹುದಿತ್ತು. ಆದರೆ ಸಾಯುವವರ ಹತ್ತಿರ ಹೋಗಿ ನನಗೂ ಜಾಗ ಕೊಡಿ ಅಂತ ಹೇಗೆ ಬೇಡುವುದು ಅನ್ನಿಸಿತು. ಕೇಳಿ ಪಡೆದದ್ದು ಕರೆದು ಕೊಟ್ಟದ್ದಕ್ಕೆ ಸಮ ಅಂತ ನಮಗೆ ಯಾರೂ ಕಲಿಸಿಲ್ಲ. ಅವರು ಒಮ್ಮೆ ಕಣ್ಣು ತೆರೆದು, "ನಿನ್ನ ಕೈ ಬಿಸಿ ಇದೆ. ಚೆನ್ನಾಗಿದೆ" ಅಂದರು. ನಿಮ್ಮಮ್ಮ ನನ್ನನ್ನು ಕರೆದುಕೊಂಡು ಹೋಗಲು ಬಂದಳು. ಟ್ರೂಸಕ್ಕ ನನ್ನ ಕೆನ್ನೆಗೆ ಮೂರು ಮುತ್ತು ಕೊಟ್ಟರು, ಅವರ ಕಡೆಯ ಪದ್ಧತಿ.

ಗುರುವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ನೂಲಿನ ಸೀರೆ ಉಟ್ಟು, ಸ್ವೆಟರ್ ಹಾಕಿ, ಶೂ ಕಟ್ಟಿಕೊಂಡು ಮಂಚದ ತುದಿಯಲ್ಲಿ ಕೂತಿದ್ದೆ. ನೀವಿಬ್ಬರೂ ಅಮ್ಮನ ಜೊತೆ ಕಾರಿನಲ್ಲಿ ಕೂತಿದ್ದಿರಿ. ನಿಮ್ಮಪ್ಪ ನನ್ನ ಬಾಗಿಲಿಗೆ ಬಂದು ನಿಂತರು. ಅವರಿಗೆ ಬರುವ ಕನ್ನಡ ಕಡಿಮೆ, ಆದರೆ ನನ್ನನ್ನು ಯಾವತ್ತೂ ಅಮ್ಮಾ ಅಂತಲೇ ಕರೆಯುವುದು. "ಅಮ್ಮಾ, ಹೊರಟ್ವಿ" ಅಂದರು. ನನ್ನ ಕಾಲಿನ ಶೂ ಅವರಿಗೆ ಕಾಣಲಿಲ್ಲ. ಅವತ್ತು ಅವರಿಗೆ ಏನು ತಾನೇ ಕಂಡೀತು. ನಾನು ತಲೆಯಾಡಿಸಿದೆ. ಕಾರು ಹೊರಟದ್ದು ಕೇಳಿಸಿತು. ಇಳಿಜಾರಿನಲ್ಲಿ ಇಳಿದು ತಿರುಗಿದ್ದೂ ಕೇಳಿಸಿತು.

ಮಧ್ಯಾಹ್ನ ಸುಧಾ ಬಂದಾಗಲೂ ಹಾಗೇ ಕೂತಿದ್ದೆ. ಅವಳು ನೋಡಿದಳು.

"ಎಲ್ಲಿಗೆ ಹೊರಟಿದ್ದೆ ಅಮ್ಮಾ?"

"ಎಲ್ಲಿಗೂ ಇಲ್ಲ."

ಅವಳು ನನ್ನ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ಶೂ ಲೇಸಿಗೆ ಕೈ ಹಾಕಿ, ಬಿಚ್ಚಲಾಗದೆ ಅತ್ತಳು. "ನಿಮ್ಮಮ್ಮ ಬೇಡ ಅಂದಿದ್ದಾಳೆ ಅಂತ ಅತ್ತೆ ಹೇಳಿದ್ರು. ರೇಡಿಯೇಷನ್ ಆದ ಮೈ, ಅದನ್ನೆಲ್ಲ ನೋಡೋಕೆ ನಿನ್ನ ಕೈಲಿ ಆಗಲ್ವೇನೋ ಅಂತ ಸುಮ್ಮನಾದೆ. ಒಂದು ಮಾತು ಹೇಳಬಾರದಿತ್ತಾ?"

"ನೀನು ಒಂದು ಮಾತು ಕೇಳಬಾರದಿತ್ತಾ?"

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನನ್ನ ಬೇಡದ ಬೆಲೆ ಗೊತ್ತಿದ್ದವಳು. ಅವಳೂ ಇಲ್ಲಿಯವಳಾಗಿಬಿಟ್ಟಿದ್ದಳು. ಅದು ಅವಳ ತಪ್ಪಲ್ಲ.

ಮಣ್ಣು ಮಾಡಿ ಬಂದ ದಿನ ಎಲ್ಲರಿಗೂ ಕಾಫಿ, ಕೇಕು ಕೊಟ್ಟರು. ನಿಮ್ಮಪ್ಪ ನನ್ನ ಪಕ್ಕ ಬಂದು ಕೂತು, ನನಗೆ ತಿಳಿಯುವಂಥ ಇಂಗ್ಲಿಷಿನಲ್ಲಿ, ಬಹಳ ಸಂಕೋಚದಿಂದ, "ಅಮ್ಮಾ, ನೀವು ಬರಲಿಲ್ಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೊನೇ ದಿನ ನಮ್ಮಮ್ಮ ನಿಮ್ಮ ವಿಷಯ ಹೇಳಿ ನಕ್ಕರು" ಅಂದರು.

"ಏನಂದ್ರು?"

"ಗಿರಿಜಾಗೆ ಕೊನೆಗೂ ನಿಜವಾಗಿ ಬೇಡ ಅನ್ನೋದು ಬಂತು ನೋಡು, ನನ್ನಂಥ ಸಾಯೋ ಮುದುಕಿಗೂ ಹೆದರದೆ ಮನಸ್ಸಲ್ಲಿದ್ದದ್ದು ಹೇಳಿಬಿಟ್ಟಳು, ನನಗೆ ಹೆಮ್ಮೆ ಆಯ್ತು ಅಂದರು."

ನಾನು ಕೇಕಿನ ತಟ್ಟೆಯನ್ನು ಕೆಳಗಿಟ್ಟೆ. ನಿಮ್ಮಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ಸಂತೋಷವಾಗಲಿ ಅಂತ. ನಾನು "ಹೌದಪ್ಪ" ಅಂದೆ.

ಅವರಿಗೆ ನಾನು ಇವತ್ತಿಗೂ ನಿಜ ಹೇಳಿಲ್ಲ. ತಾಯಿ ನಗುತ್ತ ಹೋದರು ಅನ್ನುವುದೊಂದು ಅವರ ಹತ್ತಿರ ಉಳಿದಿದೆ, ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಇದನ್ನು ಓದಿಸಿಕೊಂಡ ಮೇಲೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ತಾರಾ, ನನಗೆ ಓಮಾ ಇಷ್ಟ ಇದ್ದರು. ನಾನು ಬರಬೇಕು ಅಂತ ಶೂ ಹಾಕಿಕೊಂಡು ಕೂತಿದ್ದೆ.

ನನ್ನ ಕಾಯಿಲೆ ಸದ್ಯಕ್ಕೆ ಸುಮ್ಮನಿದೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಎಡಗೈ ಊದಿಕೊಳ್ಳುತ್ತದೆ. ಡಾಕ್ಟರು ಆಗಾಗ ಕರೆದು ನೋಡುತ್ತಾರೆ, ಆ ಕಾಯುವ ಕೋಣೆಯಲ್ಲಿ ಈಗ ಒಬ್ಬಳೇ ಕೂರುತ್ತೇನೆ. ಮತ್ತೆ ಬರಬಹುದು ಅಂತಲೂ ಹೇಳಿದ್ದಾರೆ, ಮುಖ ನೋಡಿಯೇ ಹೇಳಿದರು.

ನನ್ನ ದಿನ ಬಂದಾಗ ನೀವು ದೊಡ್ಡವರಾಗಿರುತ್ತೀರಿ. ಎಲ್ಲೆಲ್ಲೋ ಇರುತ್ತೀರಿ. ಅಜ್ಜಿ, ನಾವು ಬರಬೇಕಾ ಅಂತ ಫೋನಿನಲ್ಲಿ ಕೇಳುತ್ತೀರಿ. ಆ ಹೊತ್ತಿಗೆ ನನ್ನ ಬಾಯಿ ಏನನ್ನುತ್ತದೋ ನನಗೆ ನಂಬಿಕೆಯಿಲ್ಲ. ಆದ್ದರಿಂದ ಈಗಲೇ, ಬುದ್ಧಿ ನೆಟ್ಟಗಿರುವಾಗ, ನನ್ನ ಕೈಯಲ್ಲಿ ಬರೆದಿದ್ದೇನೆ. ನನಗೆ ಬೇಕು. ಇಬ್ಬರೂ ಬನ್ನಿ.